ಕೋಲು ಹಿಡಿದ ಕೈಗೆ ಅಂಟಿದ ಕಳಂಕ

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದ ಕಛೇರಿ. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಬರೆದಿಟ್ಟಿದ್ದ ಕೊನೆಯ ನಾಲ್ಕು ಗೀತೆಗಳನ್ನು ಅಂದು ಜಗತ್ತು ಮೊದಲ ಬಾರಿಗೆ ಕೇಳಿತು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಹಣದ ಬೆಂಬಲ ಮೈಸೂರಿನ ಜಯಚಾಮರಾಜ ಒಡೆಯರ್ ಅವರದು. ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ವರ್ಷದ ಹಿಂದಷ್ಟೇ ಇದೇ ವ್ಯಕ್ತಿಗೆ ಅಮೆರಿಕದ ಸಂಗೀತಗಾರರು ಬಾಗಿಲು ಮುಚ್ಚಿದ್ದರು.

ಕಂಡಕ್ಟರ್ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಬಸ್ಸಿನ ಸೀಟಿ. ಪಾಶ್ಚಾತ್ಯ ಸಂಗೀತದ ಕಂಡಕ್ಟರ್ ಯಾವ ವಾದ್ಯವನ್ನೂ ನುಡಿಸುವುದಿಲ್ಲ. ನಮ್ಮ ಕಛೇರಿಯಲ್ಲಿ ಹಾಡುವವರೇ ತಾಳ ಹಾಕಿ, ಕಣ್ಸನ್ನೆಯಲ್ಲೇ ಪಕ್ಕವಾದ್ಯದವರನ್ನು ಕರೆದೊಯ್ಯುತ್ತಾರೆ. ಆದರೆ ಎಂಬತ್ತು, ನೂರು ಜನ ಒಟ್ಟಿಗೆ ನುಡಿಸುವಾಗ ಅದು ಸಾಧ್ಯವಿಲ್ಲ. ಬರೆದಿಟ್ಟ ಸ್ವರಗಳು ಎಲ್ಲರಿಗೂ ಒಂದೇ. ಅವು ಎಷ್ಟು ವೇಗದಲ್ಲಿ, ಎಷ್ಟು ಗಟ್ಟಿಯಾಗಿ, ಯಾವ ಭಾವದಲ್ಲಿ ಹೊಮ್ಮಬೇಕು ಎಂಬುದನ್ನು ತೀರ್ಮಾನಿಸುವುದು ಕೋಲು ಹಿಡಿದ ಆ ಒಂದು ಕೈ.

ಪ್ರಾಚ್ಯವಸ್ತು ವಿದ್ವಾಂಸರೊಬ್ಬರ ಮಗನಾಗಿ 1886ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಫುರ್ಟ್‌ವೆಂಗ್ಲರ್, 20ನೇ ವಯಸ್ಸಿಗೇ ಮ್ಯೂನಿಕ್‌ನಲ್ಲಿ ಕೋಲು ಹಿಡಿದರು. ಲೂಬೆಕ್, ಮಾನ್‌ಹೈಮ್ ನಗರಗಳಲ್ಲಿ ಪಳಗಿ, 1922ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಮುಖ್ಯಸ್ಥರಾದರು. ಅವರ ಕೈಸನ್ನೆ ಎಷ್ಟು ಅಸ್ಪಷ್ಟವೆಂದರೆ, ಎಲ್ಲಿ ಆರಂಭಿಸಬೇಕೆಂಬುದೇ ಹೊಸಬರಿಗೆ ತಿಳಿಯುತ್ತಿರಲಿಲ್ಲವಂತೆ. ಆದರೆ ಆ ಅಸ್ಪಷ್ಟತೆಯಿಂದಲೇ ಗಂಭೀರವಾದ, ಉಸಿರಾಡುವಂಥ ನಾದ ಹೊಮ್ಮುತ್ತಿತ್ತು. ಬೇಥೋವನ್‌ನ ಕೃತಿಗಳಿಗೆ ಅವರೇ ಸರಿ ಎಂಬ ಮಾತು ಯೂರೋಪಿನಲ್ಲಿ ನೆಲೆಯಾಯಿತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದಿ ಕಲಾವಿದರನ್ನು ಹೊರದಬ್ಬುವ ಕೆಲಸ ಕೂಡಲೇ ಶುರುವಾಯಿತು. ಬ್ರೂನೊ ವಾಲ್ಟರ್, ಆಟೊ ಕ್ಲೆಂಪರರ್‌ರಂಥ ಘಟಾನುಘಟಿಗಳು ದೇಶ ಬಿಟ್ಟರು. ಫುರ್ಟ್‌ವೆಂಗ್ಲರ್ ಬಿಡಲಿಲ್ಲ, ಆದರೆ ಸುಮ್ಮನೆಯೂ ಕೂರಲಿಲ್ಲ. ಅಂಥವರನ್ನು ಕಳೆದುಕೊಳ್ಳಬಾರದೆಂದು ಪ್ರಚಾರ ಸಚಿವ ಗೊಬೆಲ್ಸ್‌ಗೆ ಬಹಿರಂಗ ಪತ್ರ ಬರೆದರು. 1934ರಲ್ಲಿ, ನಾಜಿಗಳ ಕೆಂಗಣ್ಣಿಗೆ ಗುರಿಯಾಗಿದ್ದ ರಚನಕಾರ ಹಿಂಡೆಮಿತ್ ಪರವಾಗಿ ಪತ್ರಿಕೆಯಲ್ಲಿ ಲೇಖನ ಬರೆದು, ಎಲ್ಲ ಹುದ್ದೆಗಳಿಗೂ ರಾಜೀನಾಮೆ ನೀಡಬೇಕಾಯಿತು. ನಾಜಿ ಪಕ್ಷದ ಸದಸ್ಯತ್ವವನ್ನು ಅವರು ಎಂದೂ ಪಡೆಯಲಿಲ್ಲ.

ಕತೆ ಇಷ್ಟಕ್ಕೇ ಮುಗಿದಿದ್ದರೆ ಅವರು ನಿರ್ವಿವಾದ ನಾಯಕರಾಗುತ್ತಿದ್ದರು. ಆದರೆ ಕೆಲವೇ ತಿಂಗಳಲ್ಲಿ ಸರ್ಕಾರದೊಂದಿಗೆ ರಾಜಿಯಾಗಿ, 1935ರಲ್ಲಿ ಮತ್ತೆ ವೇದಿಕೆ ಏರಿದರು. ಮರುವರ್ಷ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಹುದ್ದೆ ಅವರನ್ನು ಹುಡುಕಿಕೊಂಡು ಬಂತು. ಅಲ್ಲಿನವರ ಪ್ರತಿಭಟನೆ ಎದ್ದಾಗ ತಾವೇ ಹಿಂದೆ ಸರಿದರು. 1942ರ ಏಪ್ರಿಲ್‌ನಲ್ಲಿ ಹಿಟ್ಲರ್ ಹುಟ್ಟುಹಬ್ಬದ ಮುನ್ನಾದಿನ ಬೇಥೋವನ್‌ನ ಒಂಬತ್ತನೇ ಸಿಂಫನಿ ನುಡಿಸಿದರು. ಮನುಷ್ಯರೆಲ್ಲ ಸೋದರರು ಎಂದು ಸಾರುವ ಕೃತಿ ಅದು! ಕೊನೆಯಲ್ಲಿ ಗೊಬೆಲ್ಸ್ ಬಂದು ಅವರ ಕೈ ಕುಲುಕಿದ್ದು ಚಲನಚಿತ್ರದಲ್ಲಿ ದಾಖಲಾಗಿ ಉಳಿದಿದೆ. 1945ರ ಆರಂಭದಲ್ಲಿ, ಬಂಧನದ ಸುಳಿವು ಸಿಕ್ಕಿದಾಗ ಅವರು ಸ್ವಿಟ್ಜರ್ಲೆಂಡಿಗೆ ಪಾರಾದರು.

ಯುದ್ಧದ ನಂತರ, 1946ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ವಿಚಾರಣೆ ನಡೆಯಿತು. ಜರ್ಮನ್ ಸಂಗೀತವನ್ನು ಉಳಿಸಲೆಂದೇ ತಾವು ದೇಶದಲ್ಲಿ ಉಳಿದದ್ದು ಎಂಬುದು ಅವರ ಸಮರ್ಥನೆ. ತಮ್ಮ ಪ್ರಾಣ ಉಳಿಸಿದವರು ಇವರೇ ಎಂದು ಯೆಹೂದಿಗಳು ಪರವಾಗಿ ನಿಂತರು. ಆರೋಪಮುಕ್ತರಾದ ಫುರ್ಟ್‌ವೆಂಗ್ಲರ್ 1947ರ ಮೇ ತಿಂಗಳಲ್ಲಿ ತಮ್ಮ ವಾದ್ಯವೃಂದದ ಮುಂದೆ ಮತ್ತೆ ನಿಂತರು. ಯೆಹೂದಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಅದೇ ವರ್ಷ ಅವರೊಂದಿಗೆ ನುಡಿಸಿದರು. ಆದರೆ ಷಿಕಾಗೊ ವಾದ್ಯವೃಂದ ಅವರನ್ನು ಆಹ್ವಾನಿಸಿದಾಗ ರೂಬಿನ್‌ಸ್ಟೈನ್, ಹೊರೊವಿಟ್ಜ್ ಮೊದಲಾದ ಪಿಯಾನೊ ದಿಗ್ಗಜರು ಬಹಿಷ್ಕಾರದ ಬೆದರಿಕೆ ಹಾಕಿದರು. 1949ರಲ್ಲಿ ಆ ಆಹ್ವಾನ ರದ್ದಾಯಿತು.

ಆ ಕಹಿಯ ಬೆನ್ನಿಗೇ ಬಂದದ್ದು ಲಂಡನ್ನಿನ ಕಛೇರಿ. ಸ್ವತಃ ಪಿಯಾನೊ ಕಲಿತಿದ್ದ ಜಯಚಾಮರಾಜ ಒಡೆಯರ್, ಫಿಲ್‌ಹಾರ್ಮೋನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರು. ಆ ಗೀತೆಗಳನ್ನು ರೆಕಾರ್ಡ್ ಮಾಡಿ ತಮಗೆ ಕಳುಹಿಸುವ ಏರ್ಪಾಡನ್ನೂ ಅವರು ಮಾಡಿಸಿದ್ದರು. ಮುಂದೆ ಸವೆದ ಸದ್ದಿನ ಆ ಧ್ವನಿಮುದ್ರಣ ಸಂಗೀತಪ್ರಿಯರ ನಡುವೆ ಹರಡಿತು.

1954ರ ನವೆಂಬರ್ 30ರಂದು, ಕಿವಿ ಮಂದವಾಗತೊಡಗಿದ್ದ ಫುರ್ಟ್‌ವೆಂಗ್ಲರ್ 68ನೇ ವಯಸ್ಸಿನಲ್ಲಿ ತೀರಿಕೊಂಡರು. ಬರ್ಲಿನ್‌ನಲ್ಲಿ ಅವರ ಸ್ಥಾನಕ್ಕೆ ಬಂದವರು ಹರ್ಬರ್ಟ್ ಫಾನ್ ಕರಾಯನ್. ನಾಜಿ ಪಕ್ಷದ ಸದಸ್ಯರಾಗಿದ್ದ ಕರಾಯನ್ ಮರುವರ್ಷವೇ ಅದೇ ವಾದ್ಯವೃಂದವನ್ನು ಅಮೆರಿಕಕ್ಕೆ ಕರೆದೊಯ್ದರು. ಅಲ್ಲಿ ಪ್ರತಿಭಟನೆ ನಡೆದರೂ ಪ್ರವಾಸ ನಿಲ್ಲಲಿಲ್ಲ.

ದೇಶ ಬಿಟ್ಟವರಿಗೆ ತವರು ತಪ್ಪಿತು, ಉಳಿದವರಿಗೆ ಕಳಂಕ ತಪ್ಪಲಿಲ್ಲ. ಫುರ್ಟ್‌ವೆಂಗ್ಲರ್ ಉಳಿಸಿದ ಜೀವಗಳೂ ನಿಜ, ಅವರ ನಾದ ದುಷ್ಟ ಪ್ರಭುತ್ವಕ್ಕೆ ಆಭರಣವಾದದ್ದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲಾಗದು. ಅವರ ಧ್ವನಿಮುದ್ರಣಗಳನ್ನು ಕೇಳುವವರು ಎರಡನ್ನೂ ನೆನಪಿಟ್ಟುಕೊಂಡೇ ಕೇಳಬೇಕು.