ವಾದಗಳ ಬಲಾಬಲ ನಿರ್ಣಯ

ವಾದಗಳ ಬಲಾಬಲ ನಿರ್ಣಯವು ತಾರ್ಕಿಕ ಚಿಂತನೆಯ ಒಂದು ವಿಭಾಗವಾಗಿದೆ. ಒಂದು ಪ್ರಸ್ತಾಪದ ಪರವಾಗಿ ಅಥವಾ ವಿರುದ್ಧವಾಗಿ ನೀಡಿದ ಕಾರಣವು ನಿಲುವನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ ಎಂಬುದನ್ನು ಇದರಲ್ಲಿ ಪರಿಶೀಲಿಸಲಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇದು 'ಹೇಳಿಕೆ ಮತ್ತು ವಾದಗಳು' ಎಂಬ ರೂಪದಲ್ಲಿ ಕಂಡುಬರುತ್ತದೆ.

ಮಾನದಂಡಗಳು

ಪ್ರಬಲ ವಾದವು ಪ್ರಸ್ತಾಪಕ್ಕೆ ನೇರವಾಗಿ ಸಂಬಂಧಿಸಿರುತ್ತದೆ, ಅದರ ಮಹತ್ವದ ಪರಿಣಾಮವೊಂದನ್ನು ತಿಳಿಸುತ್ತದೆ ಮತ್ತು ಕಾರಣವನ್ನು ಸ್ಪಷ್ಟವಾಗಿ ಹೇಳುತ್ತದೆ. ಹೇಳಿದ್ದನ್ನೇ ಪುನಃ ಹೇಳುವ, ಕೇವಲ ಹೋಲಿಕೆಯನ್ನು ಅವಲಂಬಿಸಿದ ಅಥವಾ ವ್ಯಕ್ತಿಯನ್ನು ಗುರಿಯಾಗಿಸಿದ ವಾದವು ದುರ್ಬಲವೆನಿಸುತ್ತದೆ. ವಾದದ ಬಲಕ್ಕೂ ಓದುಗನ ಸ್ವಂತ ಅಭಿಪ್ರಾಯಕ್ಕೂ ಸಂಬಂಧವಿಲ್ಲ.

ಉದಾಹರಣೆ

ಹಾಸನ ಜಿಲ್ಲೆಯ ಗೊರೂರಿನಲ್ಲಿರುವ ಹೇಮಾವತಿ ಜಲಾಶಯದ ನೀರು ನಾಲೆಯ ಮೂಲಕ ತುಮಕೂರು ಜಿಲ್ಲೆಗೆ ಹರಿಯುತ್ತದೆ. ಈ ನೀರನ್ನು ಗುಬ್ಬಿ ತಾಲ್ಲೂಕಿನಿಂದ ಕೊಳವೆ ಮಾರ್ಗದಲ್ಲಿ ಕುಣಿಗಲ್‌ಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯನ್ನು ವಿರೋಧಿಸಿ 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಪ್ರತಿಭಟನೆ ನಡೆಯಿತು. ಈ ವಿವಾದವನ್ನು ಪರೀಕ್ಷೆಯ ಮಾದರಿಯಲ್ಲಿ ಹೀಗೆ ನಿರೂಪಿಸಬಹುದು.

ಹೇಳಿಕೆ: ಲಿಂಕ್ ಕೆನಾಲ್ ನಿರ್ಮಿಸಬೇಕೇ?

1. ಹೌದು. ನಾಲೆಯ ಕೊನೆಯ ಭಾಗದಲ್ಲಿರುವ ಕುಣಿಗಲ್‌ಗೆ ಹಂಚಿಕೆಯಾದ ನೀರು ಪೂರ್ಣವಾಗಿ ತಲುಪುತ್ತಿಲ್ಲ.
2. ಇಲ್ಲ. ಮೇಲ್ಭಾಗದಲ್ಲೇ ನೀರನ್ನು ತಿರುಗಿಸಿದರೆ ಮುಂದಿನ ನಾಲೆಯ ಹರಿವು ಕುಗ್ಗಿ, ಅಲ್ಲಿನ ಕೃಷಿಗೂ ತುಮಕೂರು ನಗರದ ಕುಡಿಯುವ ನೀರಿಗೂ ತೊಂದರೆಯಾಗುತ್ತದೆ.
3. ಹೌದು. ಇತರ ಜಿಲ್ಲೆಗಳಲ್ಲಿಯೂ ಇಂತಹ ಕೊಳವೆ ಮಾರ್ಗಗಳಿವೆ.
4. ಇಲ್ಲ. ಯೋಜನೆಯು ಅವೈಜ್ಞಾನಿಕ, ಏಕೆಂದರೆ ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಮೊದಲ ಎರಡು ವಾದಗಳು ಪರಸ್ಪರ ವಿರುದ್ಧವಾಗಿದ್ದರೂ ಎರಡೂ ಪ್ರಬಲವಾಗಿವೆ. ಮೂರನೆಯದು ಬರಿಯ ಹೋಲಿಕೆ, ನಾಲ್ಕನೆಯದು ಪುನರುಕ್ತಿ. ಆದ್ದರಿಂದ ಇವೆರಡೂ ದುರ್ಬಲ.

ಪರೀಕ್ಷೆ ಮತ್ತು ಸಾರ್ವಜನಿಕ ಚರ್ಚೆ

ಪರೀಕ್ಷೆಯಲ್ಲಿ ವಾದದೊಳಗಿನ ಸಂಗತಿಗಳನ್ನು ಸಾಮಾನ್ಯವಾಗಿ ನಿಜವೆಂದು ಭಾವಿಸಿ ಉತ್ತರಿಸಲಾಗುತ್ತದೆ. ಸಾರ್ವಜನಿಕ ಚರ್ಚೆಯಲ್ಲಿ ಅವುಗಳಿಗೂ ಪುರಾವೆ ಬೇಕಾಗುತ್ತದೆ. ಕುಣಿಗಲ್‌ಗೆ ತಲುಪಿದ ನೀರೆಷ್ಟು, ತಿರುವಿನ ನಂತರ ನಾಲೆಯಲ್ಲಿ ಉಳಿಯುವ ನೀರೆಷ್ಟು ಎಂಬುದನ್ನು ಅಳತೆಯಿಂದಲೇ ತಿಳಿಯಬೇಕು. ಎರಡೂ ಕಡೆ ಪ್ರಬಲ ವಾದಗಳಿದ್ದಾಗ ತರ್ಕವೊಂದೇ ತೀರ್ಮಾನ ನೀಡಲಾರದು. ಯಾರ ಅಗತ್ಯಕ್ಕೆ ಎಷ್ಟು ಆದ್ಯತೆ ಎಂಬುದನ್ನೂ ನಿರ್ಧರಿಸಬೇಕಾಗುತ್ತದೆ.

ಭಾರತೀಯ ತರ್ಕಶಾಸ್ತ್ರದಲ್ಲಿ

ಗೌತಮನ ನ್ಯಾಯಸೂತ್ರವು ದೋಷಯುಕ್ತ ಹೇತುಗಳನ್ನು ಹೇತ್ವಾಭಾಸಗಳೆಂದು ಕರೆದು ಐದು ಬಗೆಗಳಾಗಿ ವಿಂಗಡಿಸುತ್ತದೆ: ಸವ್ಯಭಿಚಾರ, ವಿರುದ್ಧ, ಪ್ರಕರಣಸಮ, ಸಾಧ್ಯಸಮ ಮತ್ತು ಕಾಲಾತೀತ. ಸಾಧಿಸಬೇಕಾದ ವಿಷಯದಂತೆ ತಾನೂ ಸಾಧನೆಯನ್ನು ಬಯಸುವ ಹೇತುವೇ ಸಾಧ್ಯಸಮ. ಮೇಲಿನ ನಾಲ್ಕನೆಯ ವಾದದ ದೋಷವು ಇದಕ್ಕೆ ಸಮೀಪವಾದುದು.