ಒಣಗೋಡೆಯ ಪೂರ್ವವೃತ್ತಾಂತ

ಪ್ಯಾರಿಸ್ ನಗರದ ಮೊಂಮಾರ್ತ್ರ್ ಗುಡ್ಡದ ಗರ್ಭದಿಂದ ಶತಮಾನಗಳ ಕಾಲ ಅಗೆದು ತೆಗೆದ ಜಿಪ್ಸಮ್ ಶಿಲೆಯು, ಗೂಡಿನಲ್ಲಿ ಬೆಂದು ಪುಡಿಯಾಗಿ, ಆ ನಗರದ ಹೆಸರನ್ನೇ ಹೊತ್ತು ಲೋಕಪ್ರಸಿದ್ಧವಾಯಿತು. ಈ ಶಿಲೆಯ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ನೀರು; ಗೂಡಿನಲ್ಲಿ ಕಳೆದುಕೊಂಡ ನೀರನ್ನು ಪುಡಿಯು ಕಲಸಿದ ಗಾರೆಯಾಗಿ ಗಟ್ಟಿಯಾಗುವಾಗ ಮರಳಿ ಪಡೆಯುತ್ತದೆ. ಹರಳಿನೊಳಗೆ ಬಂಧಿತವಾದ ಆ ನೀರು ಆವಿಯಾಗಿ ಹೊರಟುಹೋಗುವವರೆಗೂ ಬೆಂಕಿಯ ತಾಪವು ಗೋಡೆಯ ಹಿಂದಣ ಮರವನ್ನು ಸುಲಭವಾಗಿ ಮುಟ್ಟಲಾರದು. 1666ರ ಲಂಡನ್ನಿನ ಮಹಾದಹನದ ಮರುವರ್ಷವೇ ಫ್ರಾನ್ಸಿನ ಅರಸನಾದ ಹದಿನಾಲ್ಕನೆಯ ಲೂಯಿಯು ಪ್ಯಾರಿಸಿನ ಮರದ ಮನೆಗಳಿಗೆ ಈ ಗಾರೆಯನ್ನು ಬಳಿಯತಕ್ಕದ್ದೆಂದು ಆಜ್ಞಾಪಿಸಿದುದು ರಸಾಯನಶಾಸ್ತ್ರದ ಜ್ಞಾನದಿಂದಲ್ಲ, ಬೆಂಕಿಯನ್ನು ಕಂಡವರ ಅನುಭವದಿಂದ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮನೆಗಳಲ್ಲಿ ಗಾರೆಯ ಕೆಲಸ ನಡೆಯುತ್ತಿದ್ದ ಬಗೆಯನ್ನು ಕೊಂಚ ನಿಂತು ನೋಡಬೇಕು. ಮರದ ನಿಲುಗಂಬಗಳಿಗೆ ಅಡ್ಡಲಾಗಿ ತೆಳುವಾದ ರೀಪುಗಳನ್ನು ಕಿರಿದಾದ ಸಂದು ಬಿಟ್ಟು ಹೊಡೆದು, ಮೊದಲ ಲೇಪವನ್ನು ಕರಣೆಯಿಂದ ಒತ್ತಿದರೆ, ಅದು ಸಂದುಗಳೊಳಗೆ ನುಗ್ಗಿ ಹಿಂಬದಿಯಲ್ಲಿ ಉಬ್ಬಿ ಕೊಂಡಿಯಂತೆ ಹಿಡಿದುಕೊಳ್ಳುತ್ತಿತ್ತು. ಅದು ಆರಿದ ಮೇಲೆ ಎರಡನೆಯದು, ಅದೂ ಆರಿದ ಮೇಲೆ ನುಣುಪಿನ ಮೂರನೆಯದು. ಇದಕ್ಕೆ ವಾರಗಳು ಹಿಡಿಯುತ್ತಿದ್ದುವು ನಿಜ. ಆದರೆ ಆ ಗೋಡೆಯ ಮೈಯಲ್ಲಿ ಕುಶಲಿಯ ಕೈಯ ಗತಿಯಿತ್ತು, ಅದರ ನಷ್ಟವನ್ನು ನಾನು ಅಲ್ಪವೆಂದು ಎಣಿಸಲಾರೆ.

1894ರಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತನು ಕಾಗದದ ಪದರಗಳ ನಡುವೆ ಗಾರೆಯನ್ನು ಹಾಸಿ ಮಾಡಿದ ಹಲಗೆಗೆ ಪೇಟೆಂಟು ಪಡೆದನು. ಆ ಹಲಗೆಯು ರೀಪಿನ ಸ್ಥಾನವನ್ನಷ್ಟೇ ತುಂಬಿತು. ಮೇಲಣ ಗಾರೆ ತಪ್ಪಲಿಲ್ಲ. ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪೆನಿಯು 1909ರಲ್ಲಿ ಆತನ ಉದ್ಯಮವನ್ನು ಕೊಂಡು, 1917ರ ಹೊತ್ತಿಗೆ ಎರಡೇ ಕಾಗದಗಳ ನಡುವೆ ಒಂದೇ ಗಟ್ಟಿ ಪದರವುಳ್ಳ ‘ಷೀಟ್‌ರಾಕ್’ ಹಲಗೆಯನ್ನು ಮಾರುಕಟ್ಟೆಗೆ ತಂದರೂ, ಬಹುಮಂದಿ ಅದನ್ನು ಅಗ್ಗದ ಅನುಕರಣವೆಂದೇ ಬಗೆದರು. ದ್ವಿತೀಯ ಮಹಾಯುದ್ಧವು ಕೆಲಸಗಾರರನ್ನು ರಣರಂಗಕ್ಕೂ ಕಾರ್ಖಾನೆಗಳಿಗೂ ಸೆಳೆದು, ತರುವಾಯ ಮರಳಿದ ಸೈನಿಕರ ಸಂಸಾರಗಳಿಗೆ ಮನೆಗಳು ತ್ವರೆಯಾಗಿ ಬೇಕಾದಾಗ, 1947ರಲ್ಲಿ ನ್ಯೂಯಾರ್ಕ್ ಸಮೀಪದಲ್ಲಿ ಆರಂಭವಾದ ಲೆವಿಟ್‌ಟೌನಿನಂತಹ ಬಡಾವಣೆಗಳಲ್ಲಿ, ಮೇಲಣ ಗಾರೆ ಬೇಡದ ಈ ಒಣಹಲಗೆಯು ಗೆದ್ದಿತು.

ಈ ಹಲಗೆಯನ್ನು ಹೊರಲು ಮರದ ನಿಲುಗಂಬಗಳ ಬದಲಿಗೆ ಸತುವಿನ ಲೇಪವುಳ್ಳ ಉಕ್ಕಿನ ತಗಡನ್ನು ಮಡಿಚಿ ಮಾಡಿದ ಚೌಕಟ್ಟು ಕ್ರಮೇಣ ಮನೆಯ ಸಣ್ಣ ಬಚ್ಚಲನ್ನೂ ಹೊಕ್ಕಿತು. ಹೊಕ್ಕುದು ಉಚಿತವೇ, ಏಕೆಂದರೆ ಅದು ತೇವದಲ್ಲಿ ಮರದಂತೆ ಉಬ್ಬದು, ಬಾಗದು, ಕೊಳೆಯದು. ನೆಲಕ್ಕೂ ಸೂರಿಗೂ ಪಟ್ಟಿಗಳನ್ನು ಬಿಗಿದು, ನಡುವೆ 16 ಇಲ್ಲವೆ 24 ಅಂಗುಲಕ್ಕೊಂದರಂತೆ ನಿಲುಪಟ್ಟಿಗಳನ್ನು ನಿಲ್ಲಿಸಿ, ಅವುಗಳಿಗೆ ಹಲಗೆಯನ್ನು ಸ್ಕ್ರೂಗಳಿಂದ ಕೂಡಿಸಿದರೆ, ಇಕ್ಕಟ್ಟಾದ ಕೋಣೆ ಕೆಲವು ಅಂಗುಲವನ್ನು ಕಳೆದುಕೊಂಡರೂ ನಲ್ಲಿಯ ಕೊಳವೆಗಳೆಲ್ಲ ಗೋಡೆಯ ಬೆನ್ನಿಗೆ ಅಡಗುತ್ತವೆ. ಆದರೆ ಒಡಲಲ್ಲೇ ನೀರನ್ನು ಧರಿಸಿದ ಜಿಪ್ಸಮ್ಮಿಗೆ ಹೊರಗಿನ ನೀರು ಪರಮಶತ್ರು. ನೆನೆದ ಹಲಗೆ ಮೆತ್ತಗಾಗಿ ಕುಸಿಯುತ್ತದೆ, ಅದರ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ತೇವನಿರೋಧಕವೆಂದು ಹಸಿರು ಕಾಗದ ಹೊದಿಸಿದ ಹಲಗೆಯೂ ಆವಿಯನ್ನು ತಾಳಬಲ್ಲುದೇ ಹೊರತು ನೇರ ಧಾರೆಯನ್ನಲ್ಲ; ಆದುದರಿಂದ ಷವರಿನ ಮೂಲೆಗೆ ಸಿಮೆಂಟಿನ ಹಲಗೆ, ಅದರ ಮೇಲೆ ಜಲನಿರೋಧಕ ಲೇಪ, ಅನಂತರ ಟೈಲ್ಸ್. ಹಳೆಯ ಗಾರೆಯವನ ನೈಪುಣ್ಯವು ಗೋಡೆಯ ಮೊಗದಲ್ಲಿ ತೋರುತ್ತಿತ್ತು. ಈಗಿನವನ ನೈಪುಣ್ಯವನ್ನು ಟೈಲ್ಸಿನ ಹಿಂದೆ ಅರಸಬೇಕು: ಅವನು ಹಲಗೆಯ ಕೆಳಅಂಚನ್ನು ನೆಲದಿಂದ ಅರ್ಧ ಅಂಗುಲ ಮೇಲಿರಿಸಿದನೆ, ತಾಮ್ರದ ಕೊಳವೆಯು ಸತುಲೇಪಿತ ಉಕ್ಕನ್ನು ಮುಟ್ಟಿದರೆ ತೇವದಲ್ಲಿ ಆ ಉಕ್ಕು ಸವೆದುಹೋಗುವುದೆಂಬುದನ್ನು ನೆನೆದು ರಂಧ್ರಗಳಿಗೆ ರಬ್ಬರಿನ ಉಂಗುರ ತೊಡಿಸಿದನೆ ಎಂಬುದರಲ್ಲಿ.