ತಿಗಣೆ: ಸ್ವರೂಪ, ಸಂಚಾರ ಮತ್ತು ನಿವಾರಣೆ

ಮನುಷ್ಯನ ಮನೆಯಲ್ಲಿ ಪಾಲು ಕೇಳುವ ಕೀಟಗಳಲ್ಲಿ ತಿಗಣೆಯ ಸ್ಥಾನ ವಿಚಿತ್ರವಾದದ್ದು. ಇರುವೆ ಸಕ್ಕರೆಯನ್ನು ಅರಸಿ ಬರುತ್ತದೆ. ಜಿರಳೆ ಮುಸುರೆಯನ್ನೂ ತೇವವನ್ನೂ ಅರಸಿ ಬರುತ್ತದೆ. ಸೊಳ್ಳೆ ನಿಂತ ನೀರಿನಲ್ಲಿ ಹುಟ್ಟಿ ಒಳಗೆ ಹಾರಿಬರುತ್ತದೆ. ತಿಗಣೆಗೆ ಇವು ಯಾವುವೂ ಬೇಡ. ಅದಕ್ಕೆ ಬೇಕಾದದ್ದು ಮಲಗಿರುವ ಒಂದು ಜೀವ ಮತ್ತು ಅದರ ಸಮೀಪದಲ್ಲೊಂದು ಬಿರುಕು ಮಾತ್ರ. ಆದ್ದರಿಂದ ದಿನವೂ ಗುಡಿಸಿ ಸಾರಿಸುವ ಮನೆಗೂ ಅದು ಬರಬಲ್ಲದು, ಐಷಾರಾಮಿ ಹೋಟೆಲಿಗೂ ಬರಬಲ್ಲದು. ಈ ಒಂದು ಸಂಗತಿ ಮನದಟ್ಟಾದರೆ ತಿಗಣೆಯ ವಿಷಯದಲ್ಲಿ ನಾವು ಮಾಡುವ ಎರಡು ದೊಡ್ಡ ತಪ್ಪುಗಳು ತಪ್ಪುತ್ತವೆ. ಮೊದಲನೆಯದು ನಾಚಿಕೆಯಿಂದ ಮುಚ್ಚಿಡುವುದು. ಎರಡನೆಯದು ಗಾಬರಿಯಿಂದ ವಿಷ ಸುರಿಯುವುದು.

ಇದನ್ನು ಬರೆಯುತ್ತಿರುವ ವೈದ್ಯನೇ ಮೊದಲ ತಪ್ಪನ್ನು ಮಾಡಿದವನು. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಊರಿನಿಂದ ಅಮೆರಿಕಕ್ಕೆ ಬರುವವರಿದ್ದಾಗ, ಅವರಿಗೆಂದು ಒಂದು ಹಳೆಯ ಮರದ ಮಂಚವನ್ನು ಕೊಂಡು ತಂದೆವು. ತಿಂಗಳೊಳಗೆ ಪತ್ನಿಯ ತೋಳಿನ ಮೇಲೆ ತುರಿಕೆಯ ದದ್ದುಗಳು ಎದ್ದವು. ನನ್ನ ಮೈಮೇಲೆ ಒಂದೂ ಇರಲಿಲ್ಲ. ಹೊಸ ಸಾಬೂನಿನ ಅಲರ್ಜಿ ಎಂದು ಮೂರು ವಾರ ಮಾತ್ರೆ ಕೊಟ್ಟೆ. ಕಡೆಗೆ ತಾಯಿ ಹಾಸಿಗೆಯ ಅಂಚನ್ನು ಮಗುಚಿ, ಅಲ್ಲಿದ್ದ ಕಪ್ಪು ಚುಕ್ಕೆಗಳನ್ನು ತೋರಿಸಿ, "ಇದು ತಿಗಣೆ ಕಣಪ್ಪ, ಅಲರ್ಜಿಯೂ ಅಲ್ಲ ಏನೂ ಅಲ್ಲ. ಒಂದು ಪಾತ್ರೆ ನೀರು ಕುದಿಯೋಕಿಡು" ಎಂದರು. ರೋಗನಿರ್ಣಯವೂ ಚಿಕಿತ್ಸೆಯ ಮೂಲತತ್ತ್ವವೂ ಆ ಮಾತಿನಲ್ಲಿಯೇ ಇದ್ದವು.

ಸ್ವರೂಪ ಮತ್ತು ಜೀವನಕ್ರಮ

ಮನುಷ್ಯನನ್ನು ಕಾಡುವ ತಿಗಣೆಗಳಲ್ಲಿ ಮುಖ್ಯವಾಗಿ ಎರಡು ಪ್ರಭೇದಗಳಿವೆ. ಸಮಶೀತೋಷ್ಣ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು ಸೈಮೆಕ್ಸ್ ಲೆಕ್ಟುಲೇರಿಯಸ್. ಉಷ್ಣವಲಯದಲ್ಲಿ ಹೆಚ್ಚಾಗಿರುವುದು ಸೈಮೆಕ್ಸ್ ಹೆಮಿಪ್ಟೆರಸ್. ಮೊದಲನೆಯದಕ್ಕೆ ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಹೆಸರಿಟ್ಟನು. ಆ ಹೆಸರಿನ ಉತ್ತರಾರ್ಧವು ಹಾಸಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದವಿದ್ದು, ಸೇಬಿನ ಬೀಜದಷ್ಟು ಗಾತ್ರದ್ದಾಗಿರುತ್ತದೆ. ಬಣ್ಣ ಕಂದುಗೆಂಪು. ದೇಹ ಚಪ್ಪಟೆಯಾದ್ದರಿಂದ ಬಹಳ ಕಿರಿದಾದ ಸಂದಿನಲ್ಲಿಯೂ ಅಡಗಬಲ್ಲದು. ಅದು ಹಾರಲಾರದು, ಜಿಗಿಯಲಾರದು, ನಡೆಯಬಲ್ಲದು ಅಷ್ಟೆ. ಮೊಟ್ಟೆಗಳು ಸುಮಾರು 1 ಮಿಲಿಮೀಟರ್ ಉದ್ದದ ಬಿಳಿಯ ಕಣಗಳಾಗಿದ್ದು, ಮರಕ್ಕೋ ಬಟ್ಟೆಗೋ ಅಂಟಿಕೊಂಡಿರುತ್ತವೆ. ಮನೆಯೊಳಗಿನ ಸಾಧಾರಣ ಉಷ್ಣತೆಯಲ್ಲಿ ಅವು ಒಂದೆರಡು ವಾರದೊಳಗೆ ಒಡೆಯುತ್ತವೆ. ಹೊರಬಂದ ಮರಿ ಐದು ಬಾರಿ ಪೊರೆ ಕಳಚಿ ಪ್ರಾಯಕ್ಕೆ ಬರುತ್ತದೆ. ಪ್ರತಿಯೊಂದು ಪೊರೆ ಕಳಚುವ ಮೊದಲೂ ಅದಕ್ಕೆ ರಕ್ತದ ಊಟವೊಂದು ಬೇಕು. ಹೆಣ್ಣು ತನ್ನ ಜೀವಿತದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಆದ್ದರಿಂದ ಗರ್ಭಧರಿಸಿದ ಒಂದೇ ಹೆಣ್ಣು ಪೆಟ್ಟಿಗೆಯೊಳಗೆ ಸೇರಿದರೂ ಒಂದು ಮನೆಯನ್ನು ತುಂಬಲು ಸಾಕು.

ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್, ಮೈಶಾಖ ಮತ್ತು ಮೈವಾಸನೆ ಅದಕ್ಕೆ ದಾರಿ ತೋರಿಸುತ್ತವೆ. ಐದರಿಂದ ಹತ್ತು ನಿಮಿಷ ರಕ್ತ ಹೀರಿ ಅಡಗುತಾಣಕ್ಕೆ ಮರಳುತ್ತದೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ಕೋಣೆಯನ್ನು ಕೆಲವು ವಾರ ಖಾಲಿ ಬಿಟ್ಟು ಬೇರೆಡೆ ಮಲಗುವುದರಿಂದ ಪ್ರಯೋಜನವಿಲ್ಲ. ಹಾಗೆ ಮಾಡಿದರೆ ಹಸಿದ ತಿಗಣೆಗಳು ನಮ್ಮನ್ನು ಹುಡುಕಿಕೊಂಡು ಬೇರೆ ಕೋಣೆಗೂ ಹರಡುವ ಸಂಭವವೇ ಹೆಚ್ಚು.

ಹೋಗಿ ಮರಳಿ ಬಂದ ಬಗೆ

ಕರ್ನಾಟಕದಲ್ಲಿ ನಮ್ಮ ಹಿಂದಿನ ತಲೆಮಾರಿಗೆ ತಿಗಣೆ ನಿತ್ಯದ ಸಂಗಾತಿಯಾಗಿತ್ತು. ಹಗ್ಗದ ಮಂಚವನ್ನು ಬೇಸಿಗೆಯ ಬಿಸಿಲಿಗೆ ಹಾಕುವುದು, ಅದರ ಕೀಲುಗಳಿಗೆ ಕುದಿಯುವ ನೀರು ಹೊಯ್ಯುವುದು ಮನೆಮನೆಯ ವಾಡಿಕೆ. ಚಿತ್ರಮಂದಿರದ ಕುರ್ಚಿ, ವಿದ್ಯಾರ್ಥಿನಿಲಯದ ಮಂಚ ಇವುಗಳ ತಿಗಣೆಗಳನ್ನು ನೆನೆಯದ ಹಿರಿಯರು ವಿರಳ.

ಪಶ್ಚಿಮ ದೇಶಗಳಲ್ಲಿ ಎರಡನೆಯ ಮಹಾಯುದ್ಧದ ನಂತರ ತಿಗಣೆ ಬಹುತೇಕ ಕಣ್ಮರೆಯಾಯಿತು. ಡಿಡಿಟಿಯ ಕೀಟನಾಶಕ ಗುಣವನ್ನು ಪಾಲ್ ಮ್ಯುಲರ್ 1939ರಲ್ಲಿ ಕಂಡುಹಿಡಿದರು, ಅದಕ್ಕಾಗಿ 1948ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರಿನ ಸೈನಿಕ ವಸತಿಗಳಲ್ಲಿ ಡಿಡಿಟಿಗೆ ಸಾಯದ ತಿಗಣೆಗಳು ವರದಿಯಾಗಿದ್ದವು. ಭಾರತದಲ್ಲಿಯೂ 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಡಿ ಮನೆಗಳ ಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಗುರಿ ಸೊಳ್ಳೆಯಾಗಿದ್ದರೂ ಅದೇ ಮನೆಗಳಲ್ಲಿದ್ದ ತಿಗಣೆಗಳೂ ಆ ವಿಷಕ್ಕೆ ಒಗ್ಗಿಕೊಳ್ಳುವ ಅವಕಾಶ ಪಡೆದವು.

1990ರ ದಶಕದ ಕೊನೆಯಿಂದ ಅಮೆರಿಕ, ಯುರೋಪ್ ಮತ್ತು ಆಸ್ಟ್ರೇಲಿಯಗಳಲ್ಲಿ ತಿಗಣೆ ಮತ್ತೆ ಕಾಣಿಸಿಕೊಂಡಿತು. 2023ರ ಶರತ್ಕಾಲದಲ್ಲಿ ಪ್ಯಾರಿಸ್ ನಗರ ಇದೇ ಕಾರಣಕ್ಕೆ ಸುದ್ದಿಯಾಯಿತು. ಮರಳಿ ಬರಲು ಕಾರಣಗಳು ಹಲವು: ಹೆಚ್ಚಿದ ವಿಮಾನ ಪ್ರಯಾಣ, ಬಳಸಿದ ಪೀಠೋಪಕರಣಗಳ ಕೊಡುಕೊಳ್ಳುವಿಕೆ, ಮತ್ತು ಇಂದು ಬಳಕೆಯಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿಗೆ ಬೆಳೆದ ಪ್ರತಿರೋಧ. ಡಿಡಿಟಿಯೂ ಪೈರೆಥ್ರಾಯ್ಡುಗಳೂ ಕೀಟದ ನರಕೋಶದಲ್ಲಿ ಒಂದೇ ಜಾಗಕ್ಕೆ ತಗಲುವುದರಿಂದ, ಒಂದಕ್ಕೆ ಒಗ್ಗಿದ ವಂಶ ಇನ್ನೊಂದಕ್ಕೂ ಸುಲಭವಾಗಿ ಬಗ್ಗದು.

ಕಡಿತ ಮತ್ತು ಆರೋಗ್ಯ

ಕಡಿಯುವಾಗ ನೋವು ತಿಳಿಯುವುದಿಲ್ಲ. ಮುಂದೆ ಕಾಣುವ ತುರಿಕೆ, ದದ್ದುಗಳು ತಿಗಣೆಯ ಜೊಲ್ಲಿಗೆ ನಮ್ಮ ಶರೀರ ತೋರುವ ಪ್ರತಿಕ್ರಿಯೆ. ಈ ಪ್ರತಿಕ್ರಿಯೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮೊದಲ ಸಲ ಕಡಿಸಿಕೊಂಡವರಲ್ಲಿ ಗುರುತು ಮೂಡಲು ಎರಡು ವಾರದವರೆಗೂ ಹಿಡಿಯಬಹುದು, ಕೆಲವರಲ್ಲಿ ಮೂಡದೆಯೂ ಇರಬಹುದು. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರಿಗಷ್ಟೇ ದದ್ದೆದ್ದರೆ ತಿಗಣೆ ಇಲ್ಲವೆಂದು ತೀರ್ಮಾನಿಸಬಾರದು. ನಾನು ಎಡವಿದ್ದು ಇಲ್ಲಿಯೇ. ನಮ್ಮ ಕಂದುಬಣ್ಣದ ಚರ್ಮದಲ್ಲಿ ಪಠ್ಯಪುಸ್ತಕದ ಚಿತ್ರಗಳಲ್ಲಿರುವ ಕೆಂಪು ಕಾಣದೆ, ಗಟ್ಟಿಯಾದ ಉಬ್ಬು ಮತ್ತು ಆಮೇಲೆ ಕಪ್ಪು ಕಲೆ ಮಾತ್ರ ಕಾಣುವುದೂ ಉಂಟು. ಕಜ್ಜಿ, ಚಿಗಟದ ಕಡಿತ, ಸೊಳ್ಳೆಯ ಕಡಿತಗಳೂ ಹೀಗೆಯೇ ತೋರಬಹುದು. ಆದ್ದರಿಂದ ಚರ್ಮವನ್ನಷ್ಟೇ ನೋಡಿ ಹೇಳುವಂತಿಲ್ಲ, ಹಾಸಿಗೆಯನ್ನೂ ನೋಡಬೇಕು.

ನಿತ್ಯಜೀವನದಲ್ಲಿ ತಿಗಣೆಯಿಂದ ಮನುಷ್ಯನಿಗೆ ಸಾಂಕ್ರಾಮಿಕ ರೋಗ ಹರಡುವುದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ತುರಿಸಿ ಗಾಯವಾದರೆ ಕೀವಾಗಬಹುದು. ನಿದ್ರಾಭಂಗ ಮತ್ತು ಆತಂಕ ಸಾಮಾನ್ಯ. ಸಾಬೂನಿನಿಂದ ತೊಳೆದು ತಣ್ಣನೆಯ ಬಟ್ಟೆ ಒತ್ತುವುದು, ಅಗತ್ಯವಿದ್ದರೆ ಹೈಡ್ರೋಕಾರ್ಟಿಸೋನ್ ಮುಲಾಮು ಮತ್ತು ಆಂಟಿಹಿಸ್ಟಮಿನ್ ಮಾತ್ರೆ, ಇಷ್ಟು ಸಾಕಾಗುತ್ತದೆ. ಕೀವು, ಜ್ವರ ಅಥವಾ ಉಸಿರಾಟದ ತೊಂದರೆ ಕಂಡರೆ ವೈದ್ಯರನ್ನು ಕಾಣಬೇಕು.

ಪತ್ತೆ ಹಚ್ಚುವುದು

ಹಾಸಿಗೆಯ ಹೊಲಿಗೆಯ ಅಂಚು, ಮಂಚದ ಕೀಲು, ತಲೆಯ ಬದಿಯ ಹಲಗೆಯ ಹಿಂಭಾಗ, ಸೋಫಾದ ಮಡಿಕೆ, ಗೋಡೆಯ ಚಿತ್ರದ ಚೌಕಟ್ಟು ಇವುಗಳನ್ನು ಬ್ಯಾಟರಿ ದೀಪ ಹಿಡಿದು ಪರೀಕ್ಷಿಸಬೇಕು. ಪೆನ್ನಿನ ಶಾಯಿ ಇಂಗಿದಂತಹ ಕಪ್ಪು ಚುಕ್ಕೆಗಳು ಅದರ ಮಲ. ತಿಳಿಕಂದು ಪೊರೆಗಳು, ಬಿಳಿಯ ಮೊಟ್ಟೆಗಳು, ಹೊದಿಕೆಯ ಮೇಲಿನ ರಕ್ತದ ಕಲೆ ಇತರ ಗುರುತುಗಳು. ಸಿಕ್ಕ ಹುಳುವನ್ನು ಅಂಟುಪಟ್ಟಿಯಲ್ಲಿ ಹಿಡಿದಿಟ್ಟರೆ ತಜ್ಞರು ಗುರುತಿಸಲು ಅನುಕೂಲ.

ಹಿಂದೆ ನಮ್ಮ ಮನೆಗಳಲ್ಲಿ ಇರುವೆ ಏರದಂತೆ ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡುತ್ತಿದ್ದರಷ್ಟೆ. ಅದೇ ಉಪಾಯ ಇಲ್ಲಿಯೂ ಇದೆ. ಮಂಚದ ಕಾಲಿನ ಕೆಳಗೆ ಇಡುವ, ನುಣುಪಾದ ಗೋಡೆಯ ಪ್ಲಾಸ್ಟಿಕ್ ಬಟ್ಟಲುಗಳು ಮಾರಾಟಕ್ಕೆ ಸಿಗುತ್ತವೆ. ತಿಗಣೆ ಅದರೊಳಗೆ ಬಿದ್ದರೆ ಹತ್ತಿ ಬರಲಾರದು. ಮಂಚ ಗೋಡೆಗೆ ತಾಗಿರಬಾರದು, ಹೊದಿಕೆ ನೆಲಕ್ಕೆ ಇಳಿದಿರಬಾರದು.

ಮನೆಗೆ ಬಾರದಂತೆ ತಡೆಯುವುದು

ವಿದೇಶದಲ್ಲಿರುವ ನಮ್ಮಂಥವರು ವರ್ಷಕ್ಕೊಮ್ಮೆಯಾದರೂ ಪೆಟ್ಟಿಗೆ ಹೊತ್ತು ಊರಿಗೆ ಹೋಗಿಬರುವವರು, ಬಂಧುಗಳನ್ನು ಬರಮಾಡಿಕೊಳ್ಳುವವರು, ಹೊಸದಾಗಿ ಬಂದಾಗ ಹಳೆಯ ಸಾಮಾನು ಕೊಂಡು ಸಂಸಾರ ಹೂಡಿದವರು. ಗಲ್ಫ್ ದೇಶಗಳಲ್ಲಿ ಒಂದೇ ಕೋಣೆಯನ್ನು ಹಲವರು ಹಂಚಿಕೊಂಡಿರುವವರಿಗೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಈ ಕೆಲವು ಅಭ್ಯಾಸಗಳು ಒಳ್ಳೆಯವು.

ತಂಗುವ ಕೋಣೆಯಲ್ಲಿ ಮೊದಲು ಹಾಸಿಗೆಯ ಅಂಚನ್ನು ಎತ್ತಿ ನೋಡಿರಿ. ಅಲ್ಲಿಯತನಕ ಪೆಟ್ಟಿಗೆ ಬಚ್ಚಲುಮನೆಯಲ್ಲಿರಲಿ. ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಇಡಬೇಡಿರಿ. ಮನೆಗೆ ಮರಳಿದಾಗ ಅದನ್ನು ಮಲಗುವ ಕೋಣೆಗೆ ಒಯ್ಯದೆ ಬಿಚ್ಚಿ, ಬಟ್ಟೆಗಳನ್ನು ನೇರವಾಗಿ ಬಿಸಿ ಡ್ರೈಯರಿಗೆ ಹಾಕಿರಿ. ರಸ್ತೆಬದಿಯಲ್ಲಿ ಬಿಟ್ಟ ಹಾಸಿಗೆ, ಸೋಫಾಗಳನ್ನು ಎಷ್ಟೇ ಚೆನ್ನಾಗಿ ಕಂಡರೂ ತರಬೇಡಿರಿ. ಹಳೆಯ ಮರದ ಸಾಮಾನು ಕೊಳ್ಳುವುದಾದರೆ ಪ್ರತಿಯೊಂದು ಕೀಲನ್ನೂ ಪರೀಕ್ಷಿಸಿರಿ.

ನಿವಾರಣೆ: ಬಿಸಿ ಮತ್ತು ಚಳಿ

ಬಿಸಿಗೆ ಒಗ್ಗಿಕೊಳ್ಳುವ ದಾರಿ ತಿಗಣೆಗೆ ಸುಲಭವಾಗಿಲ್ಲ. ಬಟ್ಟೆಗಳನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯುವುದು, ಅಥವಾ ಡ್ರೈಯರಿನ ಅತಿ ಹೆಚ್ಚಿನ ಬಿಸಿಯಲ್ಲಿ ಕನಿಷ್ಠ 30 ನಿಮಿಷ ಇಡುವುದು ಹುಳುವನ್ನೂ ಮೊಟ್ಟೆಯನ್ನೂ ಕೊಲ್ಲುತ್ತದೆ. ಒಗೆಯಲಾಗದ ವಸ್ತುಗಳನ್ನು ಚೀಲದಲ್ಲಿ ಬಿಗಿದು, ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು. ಹೊಲಿಗೆ, ಬಿರುಕುಗಳಿಗೆ ಹಬೆಯ ಯಂತ್ರ ಉಪಯುಕ್ತ. ವ್ಯಾಕ್ಯೂಮ್ ಮಾಡಿದ ಚೀಲವನ್ನು ಆಗಲೇ ಬಿಗಿಯಾಗಿ ಕಟ್ಟಿ ಮನೆಯ ಹೊರಗಿನ ಕಸಕ್ಕೆ ಹಾಕಬೇಕು. ಹಾಸಿಗೆಗೆ ಪೂರ್ತಿ ಮುಚ್ಚುವ ಜಿಪ್ಪಿನ ಕವಚ ಹಾಕಿ ಒಂದು ವರ್ಷ ತೆಗೆಯದಿದ್ದರೆ ಒಳಗಿನವು ಹಸಿವಿನಿಂದ ಸಾಯುತ್ತವೆ.

ಮನೆಯನ್ನೆಲ್ಲ ವ್ಯಾಪಿಸಿದ್ದರೆ ಪರವಾನಗಿ ಪಡೆದ ತಜ್ಞರೇ ಬೇಕು. ಅವರು ದೊಡ್ಡ ಯಂತ್ರಗಳಿಂದ ಇಡೀ ಮನೆಯನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿಗೆ ಕಾಯಿಸಿ ಗಂಟೆಗಟ್ಟಲೆ ಹಿಡಿದಿಡುತ್ತಾರೆ, ಇಲ್ಲವೆ ಅನುಮೋದಿತ ಔಷಧವನ್ನು ಆಯ್ದ ಸಂದುಗಳಿಗೆ ಹಾಕುತ್ತಾರೆ. ಔಷಧ ಹಾಕಿದಲ್ಲಿ ಎರಡು ವಾರದ ಬಳಿಕ ಮತ್ತೆ ಬಂದು ಪರೀಕ್ಷಿಸುವುದು ಅವಶ್ಯ, ಏಕೆಂದರೆ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಮನೆಯ ಹೀಟರನ್ನೋ ಒಲೆಯನ್ನೋ ಉರಿಸಿ ಕೋಣೆ ಕಾಯಿಸುವ ಸಾಹಸ ಬೇಡ. ಅದು ಬೆಂಕಿಗೆ ದಾರಿ.

ವಿಷಕ್ಕೆ ಕೈಹಾಕುವ ಮೊದಲು

ಈ ಲೇಖನದ ಅತಿ ಮುಖ್ಯ ಭಾಗ ಇದು. ತಿಗಣೆ ಯಾರನ್ನೂ ಕೊಲ್ಲುವುದಿಲ್ಲ. ತಿಗಣೆಗೆಂದು ಇಟ್ಟ ವಿಷ ಕೊಂದದ್ದುಂಟು.

ಧಾನ್ಯದ ಗೋದಾಮುಗಳಲ್ಲಿ ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕೆಲವರು ಮನೆಯ ತಿಗಣೆಗೂ ಬಳಸುತ್ತಾರೆ. ಗಾಳಿಯ ತೇವ ತಗಲಿದೊಡನೆ ಅದು ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. ಈ ಅನಿಲ ಗೋಡೆಯ ಬಿರುಕು, ಕೊಳವೆಯ ಸಂದು, ಹವಾನಿಯಂತ್ರಣದ ನಾಳಗಳ ಮೂಲಕ ಪಕ್ಕದ ಮನೆಗೆ ನುಗ್ಗುತ್ತದೆ. ಗಲ್ಫ್ ದೇಶಗಳ ವಸತಿ ಸಮುಚ್ಚಯಗಳಲ್ಲಿ ನೆರೆಯವರು ಇಟ್ಟ ಗುಳಿಗೆಯಿಂದ ಮಲಗಿದ್ದ ಮಕ್ಕಳು ಸತ್ತ ಘಟನೆಗಳು ನಡೆದಿವೆ. ವಾಂತಿ, ಹೊಟ್ಟೆನೋವು, ತಲೆನೋವು, ಏದುಸಿರು ಇದರ ಲಕ್ಷಣಗಳಾದ್ದರಿಂದ ಕೆಟ್ಟ ಆಹಾರದ ಪರಿಣಾಮವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಇದಕ್ಕೆ ಪ್ರತಿವಿಷವಿಲ್ಲ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರಬಹುದು, ಆದರೆ ವಾಸನೆ ಇಲ್ಲವೆಂದು ನಿಶ್ಚಿಂತೆ ಬೇಡ. ಮನೆಯ ಹಲವರಿಗೆ ಒಮ್ಮೆಗೇ ಹೀಗಾದರೆ ಕೂಡಲೆ ಎಲ್ಲರೂ ಹೊರಗೆ ಬಂದು ತುರ್ತು ಸೇವೆಗೆ ಕರೆ ಮಾಡಿರಿ. ಪಕ್ಕದ ಮನೆಯಲ್ಲಿ ಕೀಟನಾಶಕ ಹಾಕಿದ್ದರೆ ವೈದ್ಯರಿಗೆ ಅದನ್ನು ಮೊದಲೇ ಹೇಳಿರಿ. ಈ ಗುಳಿಗೆಯನ್ನು ಮನೆಯಲ್ಲಿ ಎಂದಿಗೂ ಇಡಬಾರದು.

ಊರಿನಿಂದ ತಿಗಣೆ ಔಷಧ ತರುವ ಅಭ್ಯಾಸವೂ ಸಲ್ಲದು. ಅವುಗಳಲ್ಲಿ ಆರ್ಗನೋಫಾಸ್ಫೇಟ್ ಗುಂಪಿನ ವಿಷಗಳಿರಬಹುದು. ಕರ್ನಾಟಕದಲ್ಲಿ ವೈದ್ಯಕೀಯ ಓದಿದವರಿಗೆ ಈ ವಿಷ ಸೇವಿಸಿ ಬಂದವರಿಗೆ ರಾತ್ರಿಯಿಡೀ ಅಟ್ರೋಪಿನ್ ಕೊಟ್ಟ ನೆನಪು ಮಾಸುವುದಿಲ್ಲ. ನುಸಿಗುಳಿಗೆಯಿಂದ ತಿಗಣೆ ಹೋಗುವುದಿಲ್ಲ. ಮೇಲಾಗಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲಿನ್ ರಕ್ತಕಣಗಳನ್ನು ಒಡೆಯುತ್ತದೆ. ಹೊಗೆಯಂತೆ ಚಿಮ್ಮುವ ಡಬ್ಬಿಗಳು ಬಿರುಕಿನೊಳಗೆ ತಲುಪುವುದಿಲ್ಲ, ಕಿಡಿ ತಗಲಿದರೆ ಸಿಡಿಯಬಲ್ಲವು. ಅಮೆರಿಕದಲ್ಲಿರುವವರು ವಿಷದ ಸಂಶಯವಿದ್ದರೆ 1-800-222-1222 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಸಂಕೋಚವೆಂಬ ಆಶ್ರಯ

ತಿಗಣೆಗೆ ಹಾಸಿಗೆಯ ಅಂಚಿಗಿಂತಲೂ ಒಳ್ಳೆಯ ಅಡಗುತಾಣ ನಮ್ಮ ಸಂಕೋಚ. ಬಾಡಿಗೆಯ ಮನೆಯಾದರೆ ಮಾಲೀಕರಿಗೆ ಕೂಡಲೆ ಬರೆದು ತಿಳಿಸಬೇಕು. ಅಕ್ಕಪಕ್ಕದ ಮನೆಗಳನ್ನೂ ಒಟ್ಟಿಗೆ ಪರೀಕ್ಷಿಸದಿದ್ದರೆ ಅದು ಗೋಡೆಯಾಚೆ ಹೋಗಿ ಮರಳಿ ಬರುತ್ತದೆ. ನ್ಯೂಯಾರ್ಕ್ ನಗರದಲ್ಲಿ 2010ರಿಂದ, ಹೊಸ ಬಾಡಿಗೆದಾರರಿಗೆ ಆ ಮನೆಯ ಹಿಂದಿನ ಒಂದು ವರ್ಷದ ತಿಗಣೆಯ ಇತಿಹಾಸವನ್ನು ಮಾಲೀಕರು ತಿಳಿಸಲೇಬೇಕೆಂಬ ನಿಯಮವಿದೆ.

ನಮ್ಮ ಮನೆಯಿಂದ ತಿಗಣೆ ತೊಲಗಲು ಮೂರು ತಿಂಗಳು ಹಿಡಿಯಿತು. ಆ ವರ್ಷ ಗಣೇಶನ ಹಬ್ಬಕ್ಕೆ ಯಾರನ್ನೂ ಕರೆಯಲಿಲ್ಲ, ನಾವೂ ಯಾರ ಮನೆಗೂ ಹೋಗಲಿಲ್ಲ. ಕಾರಣ ಕೇಳಿದವರಿಗೆ ಕೆಲಸದ ಒತ್ತಡವೆಂದೆವು. ಮರುವರ್ಷ ಸಂಘದ ಊಟದ ಪಂಕ್ತಿಯಲ್ಲಿ ತಾಯಿ ಯಾವ ಸಂಕೋಚವೂ ಇಲ್ಲದೆ ನಡೆದದ್ದನ್ನೆಲ್ಲ ಹೇಳಿಬಿಟ್ಟರು. ನಾನು ತಲೆತಗ್ಗಿಸಿ ಕೂತಿದ್ದಾಗ, ಎದುರಿಗಿದ್ದ ಇಬ್ಬರು ಗೃಹಸ್ಥರು ಒಬ್ಬರ ಮುಖ ಒಬ್ಬರು ನೋಡಿ, "ನಮ್ಮ ಮನೆಯಲ್ಲೂ ಆಗಿತ್ತು ಅಮ್ಮ, ಏನು ಮಾಡಿದಿರಿ ಹೇಳಿ" ಎಂದರು.